ಹಳೇ ಸ್ಪೋರ್ಟ್ಸ್ ಕಾರಿನ ಬ್ರೇಕ್ ಕ್ಯಾಲಿಪರ್ ಬಿಚ್ಚಿ, ತೊಳೆದು, ಸೀಲ್ ಬದಲಿಸಿ, ಬಣ್ಣ ಹಾಕೋದು: ಸಮಗ್ರ ಮಾರ್ಗದರ್ಶಿ

ಪುಣೆಯಲ್ಲಿರೋ ನಮ್ಮ ಕನ್ನಡದ ಹುಡುಗರಲ್ಲಿ ಯಾರಾದ್ರೂ ಹಳೇ ಸ್ಪೋರ್ಟ್ಸ್ ಕಾರ್ ತಗೊಂಡ್ರು ಅಂದ್ರೆ ಸ್ವಲ್ಪ ದಿನಕ್ಕೇ ಒಂದು ಪ್ರಶ್ನೆ ಬರತ್ತೆ, "ಅಣ್ಣಾ, ಕ್ಯಾಲಿಪರ್‌ಗೆ ಕೆಂಪು ಬಣ್ಣ ಹೊಡೀಬೇಕು, ಯಾವ ಸ್ಪ್ರೇ ತಗೊಳ್ಳಲಿ?" ನಾನು ಹೇಳೋದು ಇಷ್ಟೇ, ಸ್ಪ್ರೇ ಆಮೇಲೆ ತಗೋ, ಮೊದಲು ಸೀಲ್ ಕಿಟ್ ತಗೋ. ಕ್ಯಾಲಿಪರ್ ಅಂದ್ರೆ ಚಕ್ರದ ಜೊತೆ ತಿರುಗೋ ಡಿಸ್ಕನ್ನ ಎರಡೂ ಕಡೆಯಿಂದ ಪ್ಯಾಡಲ್ಲಿ ಹಿಚುಕಿ ಹಿಡಿಯೋ ಭಾಗ, ಆ ಪ್ಯಾಡನ್ನ ತಳ್ಳೋದು ಒಳಗಿನ ಪಿಸ್ಟನ್, ಪಿಸ್ಟನ್ ಸುತ್ತ ಆಯಿಲ್ ಸೋರದ ಹಾಗೆ ತಡೆಯೋ ರಬ್ಬರ್ ಉಂಗುರವೇ ಸೀಲ್. ಅಲಾಯ್ ವೀಲ್ ಸಂದಿಯಿಂದ ಕಾಣೋ ಬಣ್ಣ ಈ ಕೆಲಸದಲ್ಲಿ ಸಣ್ಣ ಪಾಲು, ಉಳಿದಿದ್ದೆಲ್ಲಾ ಒಳಗಿರೋ ಪಿಸ್ಟನ್ನು, ರಬ್ಬರು, ಬ್ರೇಕ್ ಆಯಿಲು. ಪಿಸ್ಟನ್ ಅರ್ಧ ಜಾಮ್ ಆಗಿರೋ ಕ್ಯಾಲಿಪರ್ ಮೇಲೆ ಬಣ್ಣ ಬಳಿದು ಖಂಬಾಟ್ಕಿ ಘಾಟ್ ಇಳಿಯೋಕೆ ಹೋದ್ರೆ ಆ ಬಣ್ಣ ಯಾವ ಕೆಲಸಕ್ಕೂ ಬರಲ್ಲ. ಹೆಂಗೂ ಕ್ಯಾಲಿಪರ್ ಕೆಳಗಿಳಿಸ್ತೀರಿ ಅಂದ್ಮೇಲೆ ಒಳಗಿನ ಕೆಲಸ ಪೂರ್ತಿ ಮುಗಿಸಿ, ಬಣ್ಣ ಅದರ ಹಿಂದೆ ಬರಲಿ.

ಉದಾಹರಣೆಗೆ ಪೋರ್ಷೆ ಬಾಕ್ಸ್‌ಸ್ಟರ್ 987 ಇಟ್ಕೊಂಡು ಹೇಳ್ತೀನಿ, ಯಾಕಂದ್ರೆ ಅದರ ಕ್ಯಾಲಿಪರ್ ಅಲ್ಯೂಮಿನಿಯಮ್, ಮುಂದೆ ಹಿಂದೆ ಎರಡೂ ಕಡೆ ನಾಲ್ಕು ಪಿಸ್ಟನ್, ಒಂದೇ ತುಂಡಲ್ಲಿ ಮಾಡಿದ್ದು, ಹಳೇದಾದಾಗ ಬರೋ ಕಾಯಿಲೆಗಳೆಲ್ಲಾ ಇದರಲ್ಲೇ ನೋಡಬಹುದು. ನಿಮ್ಮದು ಬೇರೆ ಗಾಡಿ ಆದ್ರೂ ಕ್ರಮ ಇದೇ.

ಮೊದಲು ನಿಮ್ಮ ಕ್ಯಾಲಿಪರ್ ಯಾವ ಜಾತಿ ಅಂತ ನೋಡ್ಕೊಳ್ಳಿ

ಡಿಸ್ಕಿನ ಎರಡೂ ಕಡೆ ಪಿಸ್ಟನ್ ಇದ್ದು ಕ್ಯಾಲಿಪರ್ ಅಲ್ಲಾಡದೆ ಕೂತಿದ್ರೆ ಅದು ಫಿಕ್ಸೆಡ್. ಒಳಗಡೆ ಮಾತ್ರ ಪಿಸ್ಟನ್ ಇದ್ದು ಇಡೀ ಕ್ಯಾಲಿಪರ್ ಎರಡು ಪಿನ್ ಮೇಲೆ ಜಾರ್ತಾ ಇದ್ರೆ ಅದು ಸ್ಲೈಡಿಂಗ್, ನಮ್ಮ ದಿನಬಳಕೆ ಕಾರುಗಳಲ್ಲಿ ಹೆಚ್ಚಾಗಿ ಇದೇ ಇರೋದು, ಸಾಮಾನ್ಯವಾಗಿ ಬೀಡು ಕಬ್ಬಿಣದ್ದು. ಹಿಂದಿನ ಸ್ಲೈಡಿಂಗ್ ಕ್ಯಾಲಿಪರಲ್ಲಿ ಎಷ್ಟೋ ಸಲ ಹ್ಯಾಂಡ್‌ಬ್ರೇಕ್ ಮೆಕ್ಯಾನಿಸಮ್ ಪಿಸ್ಟನ್ ಒಳಗೇ ಇರತ್ತೆ, ಆ ಪಿಸ್ಟನ್ನನ್ನ ತಿರುಗಿಸಿ ತಿರುಗಿಸಿ ಹೊರಗೆ ತರಬೇಕು, ಗಾಳಿ ಬಿಟ್ಟು ತಳ್ಳೋಕೆ ಹೋದ್ರೆ ಹಾಳಾಗತ್ತೆ. ಬಾಕ್ಸ್‌ಸ್ಟರಲ್ಲಿ ಆ ರಗಳೆ ಇಲ್ಲ, ಹ್ಯಾಂಡ್‌ಬ್ರೇಕ್ ಹಿಂದಿನ ಡಿಸ್ಕ್ ಒಳಗಿರೋ ಪುಟ್ಟ ಡ್ರಮ್ಮಲ್ಲಿ ಬೇರೆಯಾಗಿದೆ.

ಬಿಚ್ಚೋ ಮುಂಚೆ ಒಂದು ಪರೀಕ್ಷೆ ಮಾಡಿ. ಗಾಡಿನ ಒಂದಷ್ಟು ದೂರ ಓಡಿಸ್ಕೊಂಡು ಬಂದು ನಾಲ್ಕೂ ಡಿಸ್ಕಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡೀರಿ. ಮುಂದಿನ ಎರಡರ ಬಿಸಿ ಹತ್ತಿರ ಹತ್ತಿರ ಇರಬೇಕು, ಹಿಂದಿನವೆರಡೂ ಅಷ್ಟೇ. ಒಂದು ಕಡೆ ಮಾತ್ರ ತುಂಬಾ ಜಾಸ್ತಿ ಇದ್ರೆ ಅಲ್ಲಿ ಪಿಸ್ಟನ್ ವಾಪಸ್ ಹೋಗ್ತಾ ಇಲ್ಲ. ಎಡ ಬಲ ಯಾವುದು ಎಷ್ಟು ಅಂತ ಬರೆದಿಟ್ಕೊಳ್ಳಿ, ಕೆಲಸ ಮುಗಿದ ಮೇಲೆ ಮತ್ತೆ ಇದೇ ಪರೀಕ್ಷೆ ಇದೆ.

ಏನೇನು ಬೇಕು, ಎಲ್ಲಿ ಸಿಗತ್ತೆ, ಯಾವಾಗ ಮಾಡಬೇಕು

ಪಿಸ್ಟನ್ ಸೀಲು, ಧೂಳು ತಡೆಯೋ ರಬ್ಬರ್ ಡಸ್ಟ್ ಬೂಟು ಇರೋ ಕಿಟ್ (ಪ್ರತಿ ಪಿಸ್ಟನ್‌ಗೂ ಒಂದೊಂದು ಜೊತೆ), ಹೊಸ ಬ್ಲೀಡ್ ನಿಪ್ಪಲ್ (ಆಯಿಲ್ ಒಳಗಿನ ಗಾಳಿ ಹೊರಗೆ ಬಿಡೋ ಪುಟ್ಟ ತಿರುಪು), ಬ್ಯಾಂಜೋ ಬೋಲ್ಟ್ (ಆಯಿಲ್ ಪೈಪ್ ಕೂರಿಸೋ ಟೊಳ್ಳು ಬೋಲ್ಟ್) ಇರೋ ಗಾಡಿ ಆದ್ರೆ ಹೊಸ ತಾಮ್ರದ ವಾಷರ್, ಪ್ಯಾಡ್ ಹಿಡಿಯೋ ಪಿನ್ನು ಸ್ಪ್ರಿಂಗ್ ಕ್ಲಿಪ್ಪು, ಕ್ಯಾಲಿಪರ್ ಬೋಲ್ಟು, ಸೀಲ್ ತೆಗೆಯದ ಹೊಸ ಡಬ್ಬಿ ಡಾಟ್ 4 ಬ್ರೇಕ್ ಆಯಿಲ್ ಎರಡು ಲೀಟರ್, ಬ್ರೇಕ್ ಕ್ಲೀನರ್ ಮೂರ್ನಾಲ್ಕು ಡಬ್ಬಿ. ಸೀಲ್ ಕಿಟ್ ಆರ್ಡರ್ ಮಾಡೋವಾಗ ಪಿಸ್ಟನ್ ವ್ಯಾಸ ಮಿಲಿಮೀಟರಲ್ಲಿ ಗೊತ್ತಿರಬೇಕು. ನಾಲ್ಕು ಪಿಸ್ಟನ್ ಕ್ಯಾಲಿಪರಲ್ಲಿ ಸಾಮಾನ್ಯವಾಗಿ ಎರಡು ಸೈಜ್ ಇರತ್ತೆ, ಡಿಸ್ಕ್ ತಿರುಗ್ತಾ ಮೊದಲು ಒಳಗೆ ಬರೋ ಕಡೆ ಸಣ್ಣದು, ಹೊರಗೆ ಹೋಗೋ ಕಡೆ ದೊಡ್ಡದು, ಪ್ಯಾಡ್ ಒಂದೇ ಸಮ ಸವೀಲಿ ಅಂತ. ಅದಕ್ಕೇ ಎಲ್ಲಾ ಒಂದೇ ಸೈಜಿನ ಕಿಟ್ ತಂದ್ರೆ ಅರ್ಧ ವಾಪಸ್ ಕಳಿಸಬೇಕಾಗತ್ತೆ.

ಮಾಮೂಲಿ ಗಾಡಿಗಳ ಪಾರ್ಟ್ಸ್ ಆದ್ರೆ ನಾನಾ ಪೇಠ್‌ನಲ್ಲಿ ಒಂದು ಸುತ್ತು ಹೊಡೆದ್ರೆ ಸಿಗತ್ತೆ, ಪೋರ್ಷೆ ಥರದ್ದಕ್ಕೆ ಆನ್‌ಲೈನಲ್ಲಿ ತರಿಸೋದೇ ದಾರಿ. ಬ್ರೆಂಬೋ ಫ್ಯಾಕ್ಟರಿ ಚಾಕಣದಲ್ಲೇ ಇದೆಯಲ್ಲಾ ಅಂತ ಸುಮಾರು ಜನ ಕೇಳ್ತಾರೆ, ಅಲ್ಲಿ ಆಗೋದು ಬೈಕ್ ಬ್ರೇಕಿನ ಕೆಲಸ, ನಮ್ಮ ಕಾರಿನ ಕಿಟ್ ಅಲ್ಲಿ ಕೇಳಿ ಉಪಯೋಗ ಇಲ್ಲ. ಎಮರಿ ಪೇಪರ್, ಹಿತ್ತಾಳೆ ಬ್ರಶ್, ಮಾಸ್ಕಿಂಗ್ ಟೇಪ್, ಜಿ ಕ್ಲ್ಯಾಂಪ್ ಎಲ್ಲಾ ರವಿವಾರ್ ಪೇಠ್ ಬೋಹರಿ ಆಳಿಯಲ್ಲಿ ಒಂದೇ ಗಲ್ಲಿಯೊಳಗೆ ಮುಗಿಯತ್ತೆ.

ಕಾಲ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಕೆಲಸಕ್ಕೆ ಕೈ ಹಾಕಲೇಬೇಡಿ, ಗಾಳಿಯ ತೇವಕ್ಕೆ ಬಣ್ಣ ಮಂಕಾಗತ್ತೆ, ಕೆಳಗಿನ ಕಬ್ಬಿಣ ತೊಳೆದು ಒರೆಸೋದ್ರೊಳಗೆ ಕೆಂಪಗಾಗಿರತ್ತೆ. ನವೆಂಬರ್‌ನಿಂದ ಫೆಬ್ರವರಿ ಪುಣೆಯ ಒಣ ಹವೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸೊಸೈಟಿ ಪಾರ್ಕಿಂಗಲ್ಲಿ ಬಿಚ್ಚೋದು ಜೋಡಿಸೋದು ಮಾಡಿ, ಸ್ಪ್ರೇ ಮಾತ್ರ ಬೇಡ, ಗಾಳಿಗೆ ತೇಲೋ ಕಣ ಪಕ್ಕದವರ ಗಾಡಿ ಮೇಲೆ ಕೂರತ್ತೆ. ಟೆರೇಸಲ್ಲಿ ಖಾಲಿ ಡಬ್ಬ ನಿಲ್ಲಿಸಿ ಅದರೊಳಗೆ ಹೊಡೆದ್ರೆ ಆಯ್ತು.

ಕೆಳಗಿಳಿಸೋದು

ಗಾಡಿ ಸಮತಟ್ಟು ಜಾಗದಲ್ಲಿ, ನಾಲ್ಕು ಆಕ್ಸಲ್ ಸ್ಟ್ಯಾಂಡ್ ಮೇಲೆ. ಬರೀ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ಕೈ ಹಾಕಬೇಡಿ, ಇದರಲ್ಲಿ ರಾಜಿ ಇಲ್ಲ. ಬ್ರೇಕ್ ಧೂಳನ್ನ ಗಾಳಿ ಬಿಟ್ಟು ಹಾರಿಸಬೇಡಿ, ಸೋಪ್ ನೀರು ಸಿಂಪಡಿಸಿ ಒದ್ದೆ ಮಾಡಿ ಒರೆಸಿ, ಮಾಸ್ಕ್ ಕನ್ನಡಕ ಗ್ಲೌಸ್ ಹಾಕ್ಕೊಳ್ಳಿ. ಎಲ್ಲಾ ಕೋನದಿಂದ ಫೋಟೋ ತೆಗೀರಿ, ಕ್ಯಾಲಿಪರ್ ಹಿಂಬದಿ ಎಡ ಬಲ ಮುಂದೆ ಹಿಂದೆ ಅಂತ ಗುರುತು ಹಾಕಿ.

ಈಗ ಒಂದು ಉಪಾಯ. ಆಯಿಲ್ ಲೈನ್ ಬಿಚ್ಚೋ ಮುಂಚೆ ಪ್ಯಾಡ್ ತೆಗೆದು, ಆ ಜಾಗದಲ್ಲಿ ಡಿಸ್ಕಿನ ಎರಡೂ ಕಡೆ ತೆಳ್ಳನೆ ಮರದ ಪಟ್ಟಿ ಇಟ್ಟು, ಬ್ರೇಕ್ ಪೆಡಲ್ ಮೆಲ್ಲಗೆ ಒತ್ತಿ. ಪಿಸ್ಟನ್‌ಗಳು ಗಾಡಿಯ ಪ್ರೆಶರಿಂದಲೇ ಹೊರಗೆ ಬರ್ತವೆ, ಯಾವುದು ಬರ್ತಾ ಇಲ್ವೋ ಅದೇ ಜಾಮ್ ಆಗಿರೋದು, ಆಮೇಲೆ ಬೆಂಚ್ ಮೇಲೆ ಒದ್ದಾಡೋದು ಅರ್ಧಕ್ಕರ್ಧ ಕಮ್ಮಿ. ಆದ್ರೆ ಹಳೇ ಗಾಡಿಯಲ್ಲಿ ಪೆಡಲ್ ನೆಲದವರೆಗೂ ಒತ್ತಬೇಡಿ, ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಭಾಗ) ಸೀಲು ಎಂದೂ ಓಡಾಡದ ಒರಟು ಜಾಗಕ್ಕೆ ಹೋಗಿ ಹರಿಯೋ ಸಾಧ್ಯತೆ ಇದೆ, ಅರ್ಧ ಅರ್ಧ ಒತ್ತಿದ್ರೆ ಸಾಕು. ಮಧ್ಯೆ ಮಧ್ಯೆ ರಿಸರ್ವಾಯರ್ (ಬ್ರೇಕ್ ಆಯಿಲ್ ತುಂಬೋ ಡಬ್ಬಿ) ನೋಡ್ತಾ ಇರಿ, ಖಾಲಿಯಾಗೋಕೆ ಬಿಡಬೇಡಿ.

ಆಮೇಲೆ ಬ್ಯಾಟರಿ ಕಳಚಿ, ಪೆಡಲ್ ಒಂದೆರಡು ಇಂಚು ಒತ್ತಿ ಸೀಟಿಗೂ ಪೆಡಲಿಗೂ ಮಧ್ಯೆ ಕೋಲು ಕೊಟ್ಟು ಹಾಗೇ ನಿಲ್ಲಿಸಿ. ಇದರಿಂದ ಮಾಸ್ಟರ್ ಸಿಲಿಂಡರ್ ಒಳಗೆ ರಿಸರ್ವಾಯರಿಂದ ಬರೋ ತೂತು ಮುಚ್ಚಿಕೊಳ್ಳತ್ತೆ, ಲೈನ್ ಬಿಚ್ಚಿದಾಗ ಸ್ವಲ್ಪ ಸೋರಿ ನಿಲ್ಲತ್ತೆ. ಇಲ್ಲಾಂದ್ರೆ ರಾತ್ರಿಯೆಲ್ಲಾ ತೊಟ್ಟಿಕ್ಕಿ ಎಬಿಎಸ್ ಯೂನಿಟ್ ಒಳಗೆ ಗಾಳಿ ಸೇರಿದ್ರೆ ಅದನ್ನ ಹೊರಗೆ ತರೋಕೆ ಎಷ್ಟೋ ಗಾಡಿಗೆ ಸ್ಕ್ಯಾನರ್ ಬೇಕಾಗತ್ತೆ.

ಲೈನ್ ನಟ್ ಬಿಚ್ಚೋಕೆ ಫ್ಲೇರ್ ನಟ್ ಸ್ಪ್ಯಾನರ್ ತಗೊಳ್ಳಿ, ಬಾಕ್ಸ್‌ಸ್ಟರ್‌ಗೆ 11 ಮಿ.ಮೀ. ಮಾಮೂಲಿ ಫಿಕ್ಸ್ ಪಾನಾ ಹಾಕಿದ್ರೆ ಮೂಲೆ ಸವೆದು ನಟ್ ಗುಂಡಗಾಗತ್ತೆ, ಆಮೇಲೆ ಪೈಪೇ ಹೊಸದು. ಚೆಲ್ಲಿದ ಬ್ರೇಕ್ ಆಯಿಲ್ ಬಾಡಿ ಪೇಂಟ್ ಮೇಲೆ ಬಿದ್ರೆ ಒರೆಸ್ತಾ ಕೂರಬೇಡಿ, ತಕ್ಷಣ ಧಾರಾಳವಾಗಿ ನೀರು ಸುರೀರಿ.

ಬ್ಲೀಡ್ ನಿಪ್ಪಲ್ ಜಾಮ್ ಆಗಿದ್ರೆ ಬಲ ಪ್ರಯೋಗ ಬೇಡ. ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ಒಂಚೂರು ಬಿಗಿ ಮಾಡಿ, ಆಮೇಲೆ ಸಡಿಲ, ಸುತ್ತಲಿನ ಲೋಹಕ್ಕೆ ಹೀಟ್ ಗನ್, ಮತ್ತೆ ಪ್ರಯತ್ನ. ಬ್ರೇಕ್ ಕ್ಲೀನರ್ ಹೊಡೆದ ಜಾಗ ಪೂರ್ತಿ ಒಣಗದೆ ಬಿಸಿ ಮಾಡಬೇಡಿ, ಕ್ಲೋರಿನ್ ಇರೋ ಕ್ಲೀನರ್ ಬಿಸಿಗೆ ವಿಷದ ಗಾಳಿ ಬಿಡತ್ತೆ.

ಪಿಸ್ಟನ್ ಹೊರಗೆ, ಸೀಲ್ ಹೊರಗೆ

ಕ್ಯಾಲಿಪರ್ ಮಧ್ಯೆ ಮರದ ತುಂಡು ಇಟ್ಟು, ಆಯಿಲ್ ಬರೋ ತೂತಿಗೆ ಗಾಳಿ ಕೊಡಬೇಕು. ಸೈಕಲ್ ಪಂಪಿನಷ್ಟು ಒತ್ತಡ ಸಾಕಾಗತ್ತೆ, ಕಂಪ್ರೆಸರ್ ಆದ್ರೆ ರೆಗ್ಯುಲೇಟರ್ ಪೂರ್ತಿ ಇಳಿಸಿ ಒಂದೊಂದೇ ಪಫ್. ಪಿಸ್ಟನ್ ಮುಂದೆ ಯಾವತ್ತೂ ಬೆರಳಿಡಬೇಡಿ, ಅದು ಸಿಡಿದು ಬಂದ್ರೆ ಬೆರಳಿನ ಮೂಳೆ ಉಳಿಯಲ್ಲ. ನಾಲ್ಕು ಪಿಸ್ಟನಲ್ಲಿ ಸಲೀಸಾಗಿ ಬರೋದನ್ನ ಜಿ ಕ್ಲ್ಯಾಂಪಲ್ಲಿ ತಡೆದು ಹಟಮಾರಿನ ಮೊದಲು ಹೊರಗೆ ತನ್ನಿ, ಒಂದು ಪೂರ್ತಿ ಹೊರಗೆ ಬಿತ್ತು ಅಂದ್ರೆ ಗಾಳಿ ಅಲ್ಲೇ ಹೋಗಿ ಉಳಿದವು ಅಲ್ಲಾಡಲ್ಲ.

ಸೀಲ್ ತೆಗೆಯೋಕೆ ಸ್ಕ್ರೂಡ್ರೈವರ್ ಬೇಡ, ಬಿದಿರಿನ ಕಡ್ಡಿ ಅಥವಾ ಪ್ಲಾಸ್ಟಿಕ್ ಪಿಕ್. ಇಲ್ಲಿ ಸ್ವಲ್ಪ ನಿಂತು ಆ ಸೀಲ್ ನೋಡಿ, ಅಡ್ಡ ಕೊಯ್ದರೆ ಚೌಕ ಇರೋ ರಬ್ಬರ್ ಉಂಗುರ. ಪೆಡಲ್ ಒತ್ತಿದಾಗ ಪಿಸ್ಟನ್ ಮುಂದೆ ಹೋಗ್ತಾ ಈ ರಬ್ಬರನ್ನ ತನ್ನ ಜೊತೆ ಸ್ವಲ್ಪ ತಿರುಚತ್ತೆ, ಪೆಡಲ್ ಬಿಟ್ಟಾಗ ರಬ್ಬರ್ ನೆಟ್ಟಗಾಗ್ತಾ ಪಿಸ್ಟನ್ನನ್ನ ಕೂದಲೆಳೆಯಷ್ಟು ಹಿಂದಕ್ಕೆಳೆಯತ್ತೆ. ಪಿಸ್ಟನ್ ವಾಪಸ್ ಎಳೆಯೋಕೆ ಬೇರೆ ಸ್ಪ್ರಿಂಗ್ ಇಲ್ಲ, ಈ ರಬ್ಬರ್ರೇ ಸ್ಪ್ರಿಂಗು. ರಬ್ಬರ್ ಗಟ್ಟಿಯಾದ್ರೆ, ಅಥವಾ ಅದು ಕೂರೋ ಕಾಲುವೆಯ ತಳದಲ್ಲಿ ತುಕ್ಕು ಬೆಳೆದು ರಬ್ಬರನ್ನ ಪಿಸ್ಟನ್ ಮೇಲೆ ಒತ್ತಿ ಹಿಡಿದ್ರೆ, ಪ್ಯಾಡ್ ಡಿಸ್ಕನ್ನ ಬಿಡಲ್ಲ, ಬಿಸಿ ಏರತ್ತೆ, ಪ್ಯಾಡ್ ಸವೆಯತ್ತೆ. ಅದಕ್ಕೇ ಈ ಕಾಲುವೆ ಉಗುರಿಗೆ ಏನೂ ಸಿಗದ ಹಾಗೆ ಕ್ಲೀನ್ ಆಗಬೇಕು, ನೈಲಾನ್ ಬ್ರಶ್, ಬ್ರೇಕ್ ಕ್ಲೀನರ್, ತಾಳ್ಮೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದೇ, ಹೊರಗಿಂದ ಯಾರಿಗೂ ಕಾಣದ ಜಾಗ.

ಆಯಿಲ್ ತಡೆಯೋದು ಈ ಸೀಲು ಮತ್ತೆ ಪಿಸ್ಟನ್ನಿನ ಮೈ, ಬೋರಿನ (ಪಿಸ್ಟನ್ ಕೂರೋ ದುಂಡು ತೂತು) ಗೋಡೆ ಅಲ್ಲ. ಹಾಗಾಗಿ ಬೋರಲ್ಲಿ ಸಣ್ಣ ಕಲೆ ಇದ್ರೆ ನಡೆಯತ್ತೆ, ಪಿಸ್ಟನ್ ಮೇಲೆ ಗುಂಡಿ ಬಿದ್ದಿದ್ರೆ, ಕೋಟಿಂಗ್ ಎದ್ದಿದ್ರೆ ನಡೆಯಲ್ಲ, ಹೊಸ ಪಿಸ್ಟನ್ ಹಾಕಿ. ಉಜ್ಜಿ ಸರಿ ಮಾಡ್ತೀನಿ ಅಂತ ಹೊರಟ್ರೆ ಸೈಜ್ ಕಮ್ಮಿ ಆಗತ್ತೆ. ಕ್ಯಾಲಿಪರ್ ಮೈಯಲ್ಲಿ ಬಿರುಕು ಕಂಡ್ರೆ ಅದನ್ನ ಗುಜರಿಗೆ ಹಾಕಿ, ವೆಲ್ಡಿಂಗ್ ಮಾಡಿಸೋ ಯೋಚನೆ ಬೇಡ.

ಪೋರ್ಷೆಯ ಸ್ಟೀಲ್ ಪಟ್ಟಿ

ಈ ಅಲ್ಯೂಮಿನಿಯಮ್ ಕ್ಯಾಲಿಪರಲ್ಲಿ ಪ್ಯಾಡ್ ಜಾರೋ ಜಾಗಕ್ಕೆ ತೆಳ್ಳನೆ ಸ್ಟೇನ್‌ಲೆಸ್ ಪಟ್ಟಿ ಹಾಕಿ ಪುಟ್ಟ ಸ್ಕ್ರೂಗಳಲ್ಲಿ ಕೂರಿಸಿರ್ತಾರೆ. ವರ್ಷಗಟ್ಟಲೆ ನೀರು, ಗೋವಾ ಕೊಂಕಣ ಕಡೆ ಹೋಗಿ ಬಂದ ಗಾಡಿ ಆದ್ರೆ ಉಪ್ಪು ಗಾಳಿ, ಪಟ್ಟಿ ಕೆಳಗೆ ಅಲ್ಯೂಮಿನಿಯಮ್ ಬಿಳೀ ಪುಡಿಯಾಗಿ ಉಬ್ಬತ್ತೆ, ಪಟ್ಟಿಯನ್ನ ಮೇಲಕ್ಕೆತ್ತತ್ತೆ, ಪ್ಯಾಡಿಗೆ ಜಾಗ ಸಾಲದೆ ಬಿಗಿಯಾಗಿ ಕೂರತ್ತೆ. ಪಿಸ್ಟನ್ ಎಷ್ಟೇ ಚೆನ್ನಾಗಿದ್ರೂ ಪ್ಯಾಡ್ ಓಡಾಡಲ್ಲ. ಎಷ್ಟೋ ಜನ ಇದನ್ನ ನೋಡದೆ ಪ್ಯಾಡಿನ ಕಿವಿ ಫೈಲ್ ಮಾಡಿ ಚಿಕ್ಕದು ಮಾಡ್ತಾರೆ, ಅದು ತಪ್ಪು, ರೋಗ ಕೆಳಗಿದೆ.

ಸ್ಕ್ರೂ ಸುಲಭಕ್ಕೆ ಬರಲ್ಲ, ತುಂಡಾಗೋ ಸಾಧ್ಯತೆಯೇ ಜಾಸ್ತಿ. ಬಿಸಿ ಕೊಟ್ಟು, ಸರಿಯಾದ ಬಿಟ್ ಹಾಕಿ ಮೇಲಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತಿರುಗಿಸಿ. ತುಂಡಾದ್ರೆ ಡ್ರಿಲ್ ಪ್ರೆಸ್ ಇರೋ ಕಡೆ ಒಯ್ಯಿರಿ, ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇಂಥ ಸಣ್ಣ ಕೆಲಸ ಮಾಡೋ ವರ್ಕ್‌ಶಾಪ್‌ಗಳು ಬೇಕಾದಷ್ಟಿವೆ, ಕೈ ಡ್ರಿಲ್ಲಲ್ಲಿ ಸೊಟ್ಟ ಹೋದ್ರೆ ಥ್ರೆಡ್ ಹೋಗತ್ತೆ. ಪಟ್ಟಿ ಎತ್ತಿ, ಬಿಳೀ ಪುಡಿ ಕೆರೆದು, ಮೇಲ್ಮೈ ಸಮ ಮಾಡಿ, ಹೊಸ ಸ್ಕ್ರೂಗೆ ಥ್ರೆಡ್ ಲಾಕರ್ (ಸ್ಕ್ರೂ ಸಡಿಲಾಗದ ಹಾಗೆ ಹಿಡಿಯೋ ಅಂಟು) ಹಾಕಿ ಕೂರಿಸಿ. ಪಟ್ಟಿ ವಾಪಸ್ ಕೂರಿಸೋದು ಬಣ್ಣ ಆದಮೇಲೆ, ಮತ್ತೆ ಆ ಜಾಗಕ್ಕೆ ಬಣ್ಣ ತಾಕಿರಬಾರದು. ಕೊನೆಗೆ ಹೊಸ ಪ್ಯಾಡನ್ನ ಕೈಯಲ್ಲೇ ಜಾರಿಸಿ ನೋಡಿ, ಸಲೀಸಾಗಿ ಹೋಗಿ ಬರಬೇಕು.

ತೊಳೆಯೋದು

ಅಲ್ಯೂಮಿನಿಯಮ್ ಕ್ಯಾಲಿಪರನ್ನ ಕಾಸ್ಟಿಕ್ ಸೋಡಾ ನೀರಲ್ಲಾಗ್ಲಿ, ಡ್ರೈನ್ ಕ್ಲೀನರಲ್ಲಾಗ್ಲಿ ಖಂಡಿತ ಹಾಕಬೇಡಿ. ಅದು ಕೊಳೆ ಜೊತೆ ಲೋಹವನ್ನೂ ತಿನ್ನತ್ತೆ, ಬೋರಿನ ಆನೋಡೈಸಿಂಗ್ (ಲೋಹವನ್ನ ಕಾಯೋ ಗಟ್ಟಿ ಪದರ) ಹೋಗತ್ತೆ, ಜೊತೆಗೆ ಬೆಂಕಿ ಹತ್ತೋ ಹೈಡ್ರೋಜನ್ ಗಾಳಿ ಬಿಡತ್ತೆ. ಬಿಸಿ ನೀರು, ಪಾತ್ರೆ ತೊಳೆಯೋ ಲಿಕ್ವಿಡ್, ಡಿಗ್ರೀಸರ್, ನೈಲಾನ್ ಬ್ರಶ್, ಸಾಕು. ಬೀಡು ಕಬ್ಬಿಣದ್ದಾದ್ರೆ ತಂತಿ ಬ್ರಶ್ ಹಾಕಬಹುದು, ಮೂಲೆಯ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ಕನ್ವರ್ಟರ್, ಬೋರಿಗೆ ತಾಕದ ಹಾಗೆ. ರಬ್ಬರ್ ಇರೋ ಯಾವ ಭಾಗಕ್ಕೂ ಪೆಟ್ರೋಲು ಸೀಮೆಎಣ್ಣೆ ಡೀಸೆಲ್ಲು ಬೇಡ, ಬ್ರೇಕಿನ ರಬ್ಬರ್ ಅದಕ್ಕೆ ಉಬ್ಬಿ ಹಾಳಾಗತ್ತೆ. ಗ್ಯಾರೇಜುಗಳಲ್ಲಿ ಇದನ್ನ ಈಗಲೂ ಮಾಡ್ತಾರೆ, ಎದುರು ನಿಂತು ಬೇಡ ಅನ್ನಿ.

ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸೋದಾದ್ರೆ ಬೋರು, ಆಯಿಲ್ ತೂತು, ನಿಪ್ಪಲ್ ತೂತು ಎಲ್ಲಾ ರಬ್ಬರ್ ಬಿರಡೆ ಹಾಕಿ ಮುಚ್ಚಿ ಕೊಡಿ. ಒಳಗಿನ ಸಣ್ಣ ದಾರಿಯಲ್ಲಿ ಒಂದು ಕಾಳು ಮರಳು ಉಳಿದ್ರೂ ಅದು ಸೀಲಿಗೇ ಹೋಗಿ ಕೂರತ್ತೆ. ಕೈಯಲ್ಲಿ ಉಜ್ಜೋದಾದ್ರೆ 180, ಆಮೇಲೆ 320, ಕೊನೆಗೆ 400 ನಂಬರ್ ಪೇಪರ್. ಹಳೇ ಬಣ್ಣ ಗಟ್ಟಿಯಾಗಿ ಹಿಡಿದಿರೋ ಕಡೆ ಪೂರ್ತಿ ಕೀಳಬೇಕಂತಿಲ್ಲ, ಅಂಚು ನುಣ್ಣಗಾದ್ರೆ ಸಾಕು, ಎದ್ದಿರೋದೆಲ್ಲಾ ಹೋಗಬೇಕು.

ಬಣ್ಣ

ಟೇಪ್ ಹಚ್ಚೋದು ಬಣ್ಣ ಹಚ್ಚೋದಕ್ಕಿಂತ ಹೆಚ್ಚು ಹೊತ್ತು ತಗೊಳ್ಳತ್ತೆ, ತಗೊಳ್ಳಲಿ. ಬೋರು, ಸೀಲ್ ಕಾಲುವೆ, ಆಯಿಲ್ ತೂತು, ಪ್ಯಾಡ್ ಜಾರೋ ಜಾಗ, ಸ್ಲೈಡ್ ಪಿನ್ ತೂತು ಎಲ್ಲಾ ಮುಚ್ಚಿ, ನಿಪ್ಪಲ್ ಜಾಗಕ್ಕೆ ಹಳೇ ನಿಪ್ಪಲ್ ತಿರುಗಿಸಿಡಿ. ಜನ ಮರೆಯೋದು ಕ್ಯಾಲಿಪರ್ ಬೋಲ್ಟ್ ಕೂರೋ ಕಿವಿಯ ಮುಖ. ಅಲ್ಲಿ ಬಣ್ಣ ಬಿದ್ರೆ ಬೋಲ್ಟ್ ಬಿಗಿ ಮಾಡಿದಾಗ ಲೋಹಕ್ಕೂ ಲೋಹಕ್ಕೂ ಮಧ್ಯೆ ಬಣ್ಣ ಸಿಕ್ಕಿಕೊಳ್ಳತ್ತೆ, ಬ್ರೇಕಿನ ಬಿಸಿಗೆ ಅದು ಮೆತ್ತಗಾಗಿ ತೆಳ್ಳಗಾಗತ್ತೆ, ನೀವು ಕೊಟ್ಟ ಟಾರ್ಕ್ (ಬೋಲ್ಟಿನ ಬಿಗಿ) ಅಷ್ಟು ಕಮ್ಮಿ ಆಗತ್ತೆ. ಆ ಮುಖ ಬರೀ ಲೋಹ ಇರಬೇಕು.

ಬಣ್ಣ ಎರಡು ಥರ ಸಿಗತ್ತೆ, ಡಬ್ಬಿ ಸ್ಪ್ರೇ ಮತ್ತೆ ಹಾರ್ಡ್‌ನರ್ ಬೆರೆಸಿ ಬ್ರಶ್ಶಲ್ಲಿ ಹಚ್ಚೋ ಕಿಟ್. ನನ್ನ ಆಯ್ಕೆ ಬ್ರಶ್ ಕಿಟ್. ದಪ್ಪ ಬರತ್ತೆ, ತಾನೇ ಹರಡಿ ನುಣ್ಣಗಾಗತ್ತೆ, ಬ್ರೇಕ್ ಆಯಿಲ್ ತಾಕಿದ್ರೂ ಸ್ಪ್ರೇಗಿಂತ ಹೆಚ್ಚು ತಡ್ಕೊಳ್ಳತ್ತೆ. ಸ್ಪ್ರೇ ಆದ್ರೆ 20-25 ಸೆಂ.ಮೀ ದೂರದಿಂದ ತೆಳ್ಳಗೆ ಮೂರ್ನಾಲ್ಕು ಕೋಟ್, ಮಧ್ಯೆ ಹತ್ತು ನಿಮಿಷ ಬಿಡುವು, ಮೊದಲ ಕೋಟಲ್ಲಿ ಕೆಳಗಿನ ಲೋಹ ಕಾಣ್ತಾ ಇರಬೇಕು. ಡಬ್ಬಿ ಮೇಲೆ ಬಿಸಿ ಮಾಡಿ ಅಂತ ಬರೆದಿದ್ರೆ ಮಾಡಿ, ಕೆಲವಕ್ಕೆ 93 ಡಿಗ್ರಿಯಲ್ಲಿ ಒಂದು ಗಂಟೆ ಅಂತಿರತ್ತೆ. ಅಡುಗೆ ಮನೆಯ ಓವನ್ ಬೇಡ, ಹಳೇ ಓಟಿಜಿ ಒಂದನ್ನ ಇದಕ್ಕೇ ಅಂತ ಬಾಲ್ಕನಿಯಲ್ಲಿಡಿ. ಪೌಡರ್ ಕೋಟಿಂಗ್ ಇನ್ನೂ ಗಟ್ಟಿ, ಆದ್ರೆ ಅದನ್ನ 180-200 ಡಿಗ್ರಿಯಲ್ಲಿ ಬೇಯಿಸ್ತಾರೆ, ಒಂದೇ ಒಂದು ರಬ್ಬರ್ ಒಳಗಿರಬಾರದು, ಮಾಸ್ಕಿಂಗನ್ನ ನೀವೇ ಎದುರು ನಿಂತು ನೋಡಿ.

ಬಣ್ಣದ ಆಯ್ಕೆ ನಿಮ್ಮದು, ಒಂದು ವಿಷಯ ಹೇಳ್ತೀನಿ. ಪೋರ್ಷೆಯಲ್ಲಿ ಬಣ್ಣಕ್ಕೆ ಅರ್ಥ ಇದೆ, ಹಳದಿ ಅಂದ್ರೆ ಸೆರಾಮಿಕ್ ಡಿಸ್ಕು, ಎಳೆ ಹಸಿರು ಅಂದ್ರೆ ಹೈಬ್ರಿಡ್ಡು, 987ರಲ್ಲಿ ಮಾಮೂಲಿ ಬಾಕ್ಸ್‌ಸ್ಟರ್‌ಗೆ ಕಪ್ಪು, ಎಸ್‌ಗೆ ಕೆಂಪು. ಕಬ್ಬಿಣದ ಡಿಸ್ಕ್ ಇರೋ ಗಾಡಿಗೆ ಹಳದಿ ಬಳಿದ್ರೆ ನಾಳೆ ಕೊಳ್ಳೋರಿಗೆ ಸುಳ್ಳು ಹೇಳಿದ ಹಾಗಾಗತ್ತೆ. ನನಗೆ ಗಾಡಿ ಹುಟ್ಟಿದಾಗ ಇದ್ದ ಬಣ್ಣವೇ ಚೆಂದ. ಸ್ಟಿಕ್ಕರ್ ಹಾಕೋದಾದ್ರೆ ಬಿಸಿ ತಡೆಯೋದು ತಗೊಂಡು ಮೇಲೆ ಕ್ಲಿಯರ್ ಕೋಟ್ ಕೊಡಿ.

ಜೋಡಿಸೋದು, ಗಾಳಿ ತೆಗೆಯೋದು

ಕೈ ತೊಳೆದು, ಬೆಂಚ್ ಒರೆಸಿ, ಹೊಸ ಬಟ್ಟೆ ಹಾಸಿ. ಸೀಲನ್ನ ಹೊಸ ಬ್ರೇಕ್ ಆಯಿಲಲ್ಲಿ ಅದ್ದಿ ಬೆರಳಲ್ಲೇ ಕಾಲುವೆಗೆ ಕೂರಿಸಿ, ಸುತ್ತ ಬೆರಳಾಡಿಸಿ ಎಲ್ಲೂ ತಿರುಚಿಲ್ಲ ಅಂತ ನೋಡಿ. ಪಿಸ್ಟನ್ನಿಗೂ ಆಯಿಲ್ ಸವರಿ ನೆಟ್ಟಗೆ ಇಟ್ಟು ಎರಡು ಹೆಬ್ಬೆರಳಲ್ಲಿ ಒತ್ತಿ, ಸ್ವಲ್ಪ ಬಿಗಿ ಇರತ್ತೆ, ಆದ್ರೆ ಕೈಯಲ್ಲೇ ಹೋಗಬೇಕು. ಹೋಗ್ತಾ ಇಲ್ಲ ಅಂದ್ರೆ ಸೊಟ್ಟ ಆಗಿದೆ ಅಥವಾ ಕಾಲುವೆ ಕ್ಲೀನ್ ಆಗಿಲ್ಲ, ಸುತ್ತಿಗೆ ಕ್ಲ್ಯಾಂಪ್ ತರಬೇಡಿ, ತೆಗೆದು ಮತ್ತೆ ನೋಡಿ. ಸ್ಲೈಡ್ ಪಿನ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ, ಬೇರಿಂಗಿಗೆ ಹಾಕೋ ಗ್ರೀಸ್ ರಬ್ಬರ್ ಉಬ್ಬಿಸತ್ತೆ.

ಕ್ಯಾಲಿಪರ್ ಬದಲಾಗದ ಹಾಗೆ ನೋಡ್ಕೊಳ್ಳಿ, ಎಡದ್ದು ಬಲಕ್ಕೆ ಹಾಕಿದ್ರೆ ನಿಪ್ಪಲ್ ಕೆಳಗೆ ಬಂದು ಗಾಳಿ ಎಂದೂ ಹೊರಗೆ ಹೋಗಲ್ಲ. 987ಕ್ಕೆ ಕ್ಯಾಲಿಪರ್ ಬೋಲ್ಟ್ 85 ನ್ಯೂಟನ್ ಮೀಟರ್, ವೀಲ್ ಬೋಲ್ಟ್ 130. ಬೇರೆ ಗಾಡಿಗೆ ಅದರ ಮ್ಯಾನ್ಯುಯಲ್ ನೋಡಿ.

ಆಯಿಲ್ ಯಾವಾಗ್ಲೂ ಹೊಸದು. ಡಾಟ್ 4 ಹೊಸದಾಗಿ, ನೀರು ಸೇರದೆ ಇದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಲ್ಲ, ಗಾಳಿಯಿಂದ ನೀರು ಹೀರ್ಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯತ್ತೆ, ತಾಮ್ಹಿಣಿ ಘಾಟ್ ಇಳಿಯುವಾಗ ಆಯಿಲ್ ಕುದ್ರೆ ಪೆಡಲ್ ಸ್ಪಂಜಿನ ಹಾಗೆ ನೆಲಕ್ಕೆ ಹೋಗತ್ತೆ. ಡಾಟ್ 5 ಸಿಲಿಕೋನ್ ಆಯಿಲು, ಇದರ ಜೊತೆ ಬೆರೆಸಬಾರದು, ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯದೇ.

ಪೆಡಲ್ ಕೋಲು ತೆಗೆದು, ರಿಸರ್ವಾಯರ್ ತುಂಬಿಸಿ, ಒಬ್ಬರು ಸೀಟಲ್ಲಿ ಒಬ್ಬರು ಚಕ್ರದ ಹತ್ರ. "ಒತ್ತು", "ಹಿಡ್ಕೋ", ನಿಪ್ಪಲ್ ಸಡಿಲ ಮಾಡಿ ಆಯಿಲ್ ಬಂದಮೇಲೆ ಮುಚ್ಚಿ, ಆಮೇಲಷ್ಟೇ "ಬಿಡು". ಸಹಾಯಕ್ಕೆ ಮರಾಠಿ ಪಕ್ಕದ ಮನೆಯವರು ಬಂದಿದ್ರೆ ಯಾವ ಮಾತಿಗೆ ಏನು ಮಾಡಬೇಕು ಅಂತ ಮೊದಲೇ ಮಾತಾಡ್ಕೊಳ್ಳಿ, ಮುಚ್ಚೋ ಮುಂಚೆ ಪೆಡಲ್ ಬಿಟ್ರೆ ಗಾಳಿ ವಾಪಸ್ ಒಳಗೆ. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ ತುದಿಯನ್ನ ಆಯಿಲ್ ಇರೋ ಬಾಟಲಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲೋವರೆಗೂ ಮಾಡಿ. ಈ ಪೋರ್ಷೆ ಕ್ಯಾಲಿಪರಿಗೆ ಒಳಗೊಂದು ಹೊರಗೊಂದು ಎರಡು ನಿಪ್ಪಲ್ ಇವೆ, ಎರಡರಿಂದಲೂ ಗಾಳಿ ತೆಗೀಬೇಕು. ಪ್ರೆಶರ್ ಬ್ಲೀಡರ್ ಇದ್ರೆ ಒಬ್ಬರೇ ಮಾಡಬಹುದು. ಈ ಹಂತದಲ್ಲಿ ಕೈ ನಡುಗ್ತಾ ಇದ್ರೆ ಬ್ಲೀಡಿಂಗ್ ಒಂದನ್ನ ಅನುಭವ ಇರೋ ಮೆಕ್ಯಾನಿಕ್ಕಿಗೆ ಕೊಡಿ, ಗಾಡಿಯನ್ನ ಓಡಿಸ್ಕೊಂಡು ಹೋಗಬೇಡಿ, ಮನೆಗೆ ಕರೆಸಿ. ಹಳೇ ಆಯಿಲ್ ಮೋರಿಗೆ ಸುರೀಬೇಡಿ, ಬಾಟಲಲ್ಲಿ ತುಂಬಿ ಹಳೇ ಎಂಜಿನ್ ಆಯಿಲ್ ಕಲೆಕ್ಟ್ ಮಾಡೋ ಗ್ಯಾರೇಜಲ್ಲಿ ಕೇಳಿ, ಬೇರೆಯಾಗಿ ತಗೊಂಡ್ರೆ ಕೊಡಿ.

ಓಡಿಸೋ ಮುಂಚೆ

ಗಾಡಿ ಒಂದಿಂಚು ಅಲ್ಲಾಡೋ ಮುಂಚೆ ಪೆಡಲ್ ಗಟ್ಟಿಯಾಗೋವರೆಗೂ ಒತ್ತಿ ಒತ್ತಿ ಬಿಡಿ, ಹಿಂದಕ್ಕೆ ತಳ್ಳಿದ ಪಿಸ್ಟನ್ ಪ್ಯಾಡಿಗೆ ತಾಕೋಕೆ ಅಷ್ಟು ಬೇಕು. ಎಂಜಿನ್ ಆನ್ ಮಾಡಿ ಪೆಡಲ್ ಜೋರಾಗಿ ಒಂದು ನಿಮಿಷ ಒತ್ತಿ ಹಿಡೀರಿ, ಕೆಳಗೆ ಇಳೀತಾ ಹೋದ್ರೆ ಎಲ್ಲೋ ಸೋರ್ತಾ ಇದೆ. ಟಿಶ್ಯೂ ಪೇಪರಲ್ಲಿ ಪ್ರತಿ ನಿಪ್ಪಲ್ ಪ್ರತಿ ಲೈನ್ ನಟ್ ಒರೆಸಿ ನೋಡಿ, ಒಣಗಿದ್ರೆ ಮಾತ್ರ ಚಕ್ರ ಹಾಕಿ.

ಪಾರ್ಕಿಂಗ್ ಒಳಗೇ ನಡಿಗೆ ವೇಗದಲ್ಲಿ ನಾಲ್ಕೈದು ಸಲ ಬ್ರೇಕ್ ಹಿಡಿದು ನೋಡಿ. ಹೊಸ ಪ್ಯಾಡ್ ಆದ್ರೆ ಆಮೇಲೆ ಭಾನುವಾರ ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ಮಧ್ಯೆ ಸ್ವಲ್ಪ ಓಡಿಸಿ ತಣ್ಣಗಾಗೋಕೆ ಬಿಡಿ. ಪ್ಯಾಡ್ ಕಂಪನಿ ಬೇರೆ ಕ್ರಮ ಬರೆದಿದ್ರೆ ಅದನ್ನೇ ಮಾಡಿ. ಹೊಸ ಬಣ್ಣದಿಂದ ಸ್ವಲ್ಪ ವಾಸನೆ ಬರಬಹುದು, ಹೊಗೆ ಬಂದ್ರೆ ಮಾತ್ರ ನಿಲ್ಲಿಸಿ.

ಮನೆಗೆ ಬಂದು ಮೊದಲು ಬರೆದಿಟ್ಟಿದ್ರಲ್ಲ, ಆ ಥರ್ಮಾಮೀಟರ್ ಲೆಕ್ಕ ಮತ್ತೆ ತಗೊಳ್ಳಿ, ಎಡ ಬಲ ಹತ್ತಿರ ಬಂದಿರಬೇಕು. ನೂರು ಕಿಲೋಮೀಟರ್ ಆದಮೇಲೆ ವೀಲ್ ಬೋಲ್ಟಿನ ಟಾರ್ಕ್ ಇನ್ನೊಮ್ಮೆ ಚೆಕ್ ಮಾಡಿ, ಒಂದು ಚಕ್ರ ತೆಗೆದು ಡಸ್ಟ್ ಬೂಟ್ ಸುತ್ತ ಒದ್ದೆ ಇದೆಯಾ ನೋಡಿ, ರಿಸರ್ವಾಯರ್ ಲೆವೆಲ್ ಗುರುತು ಮಾಡಿ ವಾರ ಬಿಟ್ಟು ನೋಡಿ. ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ, ಹಾಗೇ ಪ್ರತಿ ಮಳೆಗಾಲ ಮುಗಿದ ಮೇಲೆ ಪ್ಯಾಡ್ ಹೊರಗೆಳೆದು ಆ ಸ್ಟೀಲ್ ಪಟ್ಟಿಯ ಅಂಚಲ್ಲಿ ಬಿಳೀ ಪುಡಿ ಕಾಣ್ತಾ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ.